ಅಂಗಾಲು ತೊಳೆದು ನೋಡಿದ ಮೇಲೆ: ಉಡುಪಿ ಬದಿಯ ಒಂದು ತಳಿಕೋಳಿ ಫಾರ್ಮಿನ ವಿಮರ್ಶೆ

ಉಡುಪಿ ತಾಲೂಕಿನ ಒಳಭಾಗದಲ್ಲಿ ಅಡಿಕೆ ತೋಟಕ್ಕೆ ತಾಗಿಕೊಂಡಿರುವ ಒಂದು ಸಣ್ಣ ಫಾರ್ಮಿನಿಂದ ನಾನು ಎರಡು ಸಲ ಕೋಳಿ ತಂದಿದ್ದೇನೆ. ಮೊದಲ ಸಲ, 2023ರ ಮೇ ತಿಂಗಳಲ್ಲಿ, ಕಪ್ಪು ಆಸ್ಟ್ರಲಾರ್ಪ್ ತಳಿಯ ಒಂದು ಹುಂಜ ಮತ್ತು ಎರಡು ಹೇಂಟೆ. ಎರಡನೆಯ ಸಲ, ಮರುವರ್ಷದ ಫೆಬ್ರುವರಿಯಲ್ಲಿ, ರೋಡ್ ಐಲೆಂಡ್ ರೆಡ್ ತಳಿಯ ಒಂದು ಹುಂಜ. ಎರಡೂ ಸಲ ನಾನು ಕೇಳಿದ್ದು ಮತ್ತು ಅವರು ಒಪ್ಪಿದ್ದು ಮೊಟ್ಟೆಗೆ ಸಾಕುವ ಕೋಳಿಯನ್ನಲ್ಲ, ಮುಂದೆ ಮರಿ ಮಾಡಿಸಿ ತಳಿಯನ್ನು ಉಳಿಸಿಕೊಳ್ಳಬಹುದಾದ, ಪ್ರದರ್ಶನದ ಮಟ್ಟದ ಕೋಳಿಯನ್ನು. ಫಾರ್ಮಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಮಾಲೀಕರು ಮೋಸಗಾರರಲ್ಲ ಎಂಬುದು ನನಗೆ ಖಾತ್ರಿಯಿದೆ; ಆದರೆ ತಳಿಕೋಳಿ ಎಂದು ಹಣ ಕೊಟ್ಟು ಕೊಳ್ಳುವವರಿಗೆ ನನ್ನ ಅನುಭವ ಉಪಯೋಗಕ್ಕೆ ಬಂದೀತು ಎಂದು ವಿವರವಾಗಿ ಬರೆಯುತ್ತಿದ್ದೇನೆ. ಆರೋಗ್ಯ, ಶುಚಿತ್ವ, ಮಾತಿನ ಸೌಜನ್ಯ ಇವುಗಳಿಗೆ ಆ ಫಾರ್ಮಿಗೆ ಪೂರ್ತಿ ಅಂಕ ಕೊಡುತ್ತೇನೆ. ಕಾಲಿನ ಬಣ್ಣದ ವಿಷಯದಲ್ಲಿ ಅರ್ಧ ಅಂಕವನ್ನೂ ಕೊಡಲಾರೆ.

ಕಾಲಿನ ಬಣ್ಣಕ್ಕೆ ಇಷ್ಟೊಂದು ಗಲಾಟೆ ಏಕೆ ಎಂದು ನಮ್ಮ ಅತ್ತೆಯವರೇ ಕೇಳಿದ್ದುಂಟು. ಐವತ್ತು ವರ್ಷ ಊರಕೋಳಿ ಸಾಕಿದ ಅವರಿಗೆ ಹುಂಜ ಎಂದರೆ ಮೈಬಣ್ಣ. ನಮ್ಮ ತುಳುನಾಡಿನಲ್ಲಿ ಬೊಳ್ಳೆ, ಉರಿಯೆ, ಕೆಮ್ಮೈರೆ ಎಂದು ಹೆಸರಿಟ್ಟು ಕರೆಯುವುದೆಲ್ಲ ಗರಿಯ ಬಣ್ಣವನ್ನು ನೋಡಿಯೇ. "ಕಾರ್ ತೂದ್ ದಾನೆ ಮಲ್ಪುನಿ?" ಎಂದು ಅವರು ತುಳುವಿನಲ್ಲಿ ಕೇಳಿದಾಗ, ಕಾಲು ನೋಡಿ ಏನು ಮಾಡುವುದು ಎಂಬ ಆ ಪ್ರಶ್ನೆಗೆ ನನ್ನ ಬಳಿ ಥಟ್ಟನೆ ಉತ್ತರವಿರಲಿಲ್ಲ. ಉತ್ತರ ಇಷ್ಟು: ಅಮೆರಿಕದ ಕೋಳಿ ಸಾಕಣೆದಾರರ ಸಂಘವು 1874ರಲ್ಲಿ ಮೊದಲ ಬಾರಿ ಪ್ರಕಟಿಸಿದ ತಳಿ ಮಾನದಂಡದ ಪುಸ್ತಕದಲ್ಲಾಗಲಿ, ಬ್ರಿಟನ್ನಿನ ಮಾನದಂಡದಲ್ಲಾಗಲಿ, ಪ್ರತಿಯೊಂದು ತಳಿಗೂ ಕಾಲಿನ ಬಣ್ಣ ಇಂಥದೇ ಎಂದು ಬರೆದಿಟ್ಟಿದ್ದಾರೆ. ಸಸೆಕ್ಸ್ ತಳಿಗೆ ಬಿಳಿ ಕಾಲು, ಲೆಗ್‌ಹಾರ್ನ್ ಮತ್ತು ಪ್ಲಿಮತ್ ರಾಕ್ ತಳಿಗಳಿಗೆ ಹಳದಿ ಕಾಲು. ಆಸ್ಟ್ರಲಾರ್ಪಿಗೆ ಎಳೆಯದರಲ್ಲಿ ಕಪ್ಪು, ವಯಸ್ಸಾದಂತೆ ಸ್ಲೇಟಿನ ಬೂದು, ಆದರೆ ಅಂಗಾಲು ಮಾತ್ರ ಬಿಳಿ. ಗರಿಯನ್ನು ಹೊರಗಿನಿಂದ ನೋಡಿ ಶುದ್ಧ ಎಂದು ಭ್ರಮಿಸಬಹುದು, ಕಪ್ಪು ಗರಿ ಬಂದುಬಿಟ್ಟರೆ ಅದರಡಿಯಲ್ಲಿ ಎಷ್ಟೋ ಬೆರಕೆ ಅಡಗಿ ಕೂರುತ್ತದೆ. ಕಾಲು ಹಾಗಲ್ಲ, ಎಂದಾದರೊಂದು ದಿನ ಬಾಯಿ ಬಿಡುತ್ತದೆ. ಬೇರೆ ತಳಿ ಎಲ್ಲಿ ನುಸುಳಿದೆ ಎಂದು ಹುಡುಕುವವರು ಮೊದಲು ಕೋಳಿಯನ್ನು ತಲೆಕೆಳಗು ಮಾಡಿ ಅಂಗಾಲು ನೋಡುವುದು ಈ ಕಾರಣಕ್ಕೆ.

ಆಸ್ಟ್ರಲಾರ್ಪನ್ನೇ ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಇಂಗ್ಲೆಂಡಿನ ಆರ್ಪಿಂಗ್ಟನ್ ಕೋಳಿಯನ್ನು ಆಸ್ಟ್ರೇಲಿಯಾದವರು ಮೊಟ್ಟೆಗಾಗಿ ತಿದ್ದಿ ಮಾಡಿದ ಈ ತಳಿಯ ಆರು ಹೇಂಟೆಗಳು 1922-23ರಲ್ಲಿ 365 ದಿನಗಳಲ್ಲಿ 1,857 ಮೊಟ್ಟೆ ಇಟ್ಟದ್ದು ಆ ಕಾಲಕ್ಕೆ ದೊಡ್ಡ ಸುದ್ದಿ. ಆದರೂ ಇದು ಮಾಂಸದ ಬ್ರಾಯ್ಲರಿನಂತೆ ಆರು ವಾರಗಳಲ್ಲಿ ಉಬ್ಬಿ ಮುಗಿಯುವ ಕೋಳಿಯಲ್ಲ. ನಿಧಾನವಾಗಿ ಬೆಳೆದು, ಹೊರಗೆ ಓಡಾಡಿ, ತಾನಾಗಿ ಕೂಡಿ, ಹಲವು ವರ್ಷ ಬಾಳುವ ಜಾತಿ. ಬೆಂಗಳೂರಿನಲ್ಲಿ ರೂಪುಗೊಂಡ ಗಿರಿರಾಜ ಕೋಳಿಯನ್ನೂ ನಾನು ಸಾಕಿದ್ದೇನೆ, ಅದರ ಬಗ್ಗೆ ದೂರಿಲ್ಲ, ಆದರೆ ಅದು ಮಿಶ್ರತಳಿಯಾದ್ದರಿಂದ ಮನೆಯಲ್ಲಿ ಮರಿ ಮಾಡಿಸಿದರೆ ಮುಂದಿನ ತಲೆಮಾರಿನಲ್ಲಿ ಮೊದಲಿನ ಗುಣ ನಿಲ್ಲುವುದಿಲ್ಲ. ನನಗೆ ಬೇಕಾಗಿದ್ದದ್ದು ತಾಯಿಯಂತೆ ಮಗಳು ಹುಟ್ಟುವ ಕೋಳಿ.

ಫಾರ್ಮಿಗೆ ಮೊದಲ ಸಲ ಹೋದ ದಿನದ ಬಗ್ಗೆ ಒಳ್ಳೆಯ ಮಾತನ್ನೇ ಹೇಳಬೇಕು. ಗೇಟಿನೊಳಗೆ ಕಾಲಿಡುವ ಮೊದಲು ಚಪ್ಪಲಿ ಅದ್ದಲು ಔಷಧಿ ನೀರಿನ ತಟ್ಟೆ, ಒಂದೊಂದು ತಳಿಗೆ ಒಂದೊಂದು ಗೂಡು, ಗೂಡಿನ ಸುತ್ತ ಮುಂಗುಸಿ ನುಗ್ಗದಂತೆ ನೆಲದೊಳಕ್ಕೂ ಇಳಿಸಿದ ಬಲೆ, ಒಣ ಮರದಪುಡಿ ಹಾಸಿದ ನೆಲ. ರಾಣಿಖೇತ್ ರೋಗಕ್ಕೆ, ಎಂದರೆ ನಮ್ಮವರು ಕೊಕ್ಕರೆ ರೋಗ ಎನ್ನುವುದಕ್ಕೆ, ಲಸಿಕೆ ಹಾಕಿದ ದಿನಾಂಕಗಳನ್ನು ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲೇ ಗುರುತು ಮಾಡಿದ್ದರು. ಮಾಲೀಕರು ಅರವತ್ತು ದಾಟಿದ ಹಿರಿಯರು. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ನಾನು ಕೇಳುವ ಮೊದಲೇ ಹುಂಜವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅದರ ಕಾಲನ್ನು ನನ್ನ ಮುಂದೆ ಹಿಡಿದು, "ನೋಡಿ ಮೇಡಂ, ಕಲ್ಲಿನ ಹಾಗೆ ಕಪ್ಪು," ಎಂದರು. ಕಾಲಿನ ಚಿಪ್ಪುಗಳು ಒಂದರ ಮೇಲೊಂದು ನೀಟಾಗಿ ಕುಳಿತಿದ್ದವು. ಹುರುಪೆ ಎದ್ದಿರಲಿಲ್ಲ, ಬೆರಳು ಸೊಟ್ಟಗಿರಲಿಲ್ಲ, ಬೆರಳ ಸಂದಿಯಲ್ಲಿ ಗರಿಯ ಮೊಳಕೆ ಇರಲಿಲ್ಲ. ಪಕ್ಕದ ಗೂಡಿನಲ್ಲಿ ಕಾಲತುಂಬ ಗರಿಯಿರುವ ಬ್ರಹ್ಮ ಕೋಳಿಗಳಿದ್ದುದರಿಂದ ಆ ಕೊನೆಯದನ್ನು ನಾನು ಹೆಚ್ಚು ಎಚ್ಚರದಿಂದ ನೋಡಿದೆ.

ಅಂಗಾಲನ್ನೂ ನೋಡಿದೆ. ಅದು ಇಟ್ಟಿಗೆ ಕೆಂಪಾಗಿತ್ತು. ನಮ್ಮ ಕರಾವಳಿಯ ಮುರಕಲ್ಲಿನ ಮಣ್ಣಿನಲ್ಲಿ ಒಂದು ಗಂಟೆ ಕೆದಕಿದ ಯಾವ ಕೋಳಿಯ ಅಂಗಾಲೂ ಅದೇ ಬಣ್ಣಕ್ಕಿರುತ್ತದೆ. ಮಾಲೀಕರು ತೊಳೆಯಲು ನೀರು ಕೊಟ್ಟರು, ನಾನು ಒರೆಸಿದೆ, ಕೆಂಪು ಅರ್ಧ ಹೋಯಿತು, ಅಡಿಯಲ್ಲಿ ಬೆಳ್ಳಗೆ ಕಂಡಿತು, ಸಮಾಧಾನವಾಯಿತು. ಈಗ ಹಳೆಯ ಟೂತ್‌ಬ್ರಷ್, ಸೋಪು, ಉಗುರು ಬೆಚ್ಚಗಿನ ನೀರು ಇಲ್ಲದೆ ನಾನು ಯಾವ ಕೋಳಿಯ ಅಂಗಾಲಿಗೂ ತೀರ್ಪು ಕೊಡುವುದಿಲ್ಲ. ಆ ದಿನ ಕೊಟ್ಟ ತೀರ್ಪು ಮಾತ್ರ ತಪ್ಪಾಗಿರಲಿಲ್ಲ. ಮೂರೂ ಹಕ್ಕಿಗಳ ಅಂಗಾಲು ನಿಜವಾಗಿಯೂ ಬಿಳಿಯೇ. ಮೂರಕ್ಕೂ ಸೇರಿ 6,500 ರೂಪಾಯಿ ಕೊಟ್ಟೆ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಒಣಹುಲ್ಲು ಹಾಸಿ ಕೊಟ್ಟರು, ಒಂದು ವಾರಕ್ಕೆ ಸಾಕಾಗುವಷ್ಟು ಅವರದೇ ಆಹಾರವನ್ನೂ ಕಟ್ಟಿಕೊಟ್ಟರು. ಆ ಆಹಾರದ ಪೊಟ್ಟಣದ ವಿಷಯಕ್ಕೆ ಮತ್ತೆ ಬರುತ್ತೇನೆ.

ಜುಲೈ ಮೊದಲ ವಾರ 36 ಮೊಟ್ಟೆಗಳನ್ನು ಇನ್‌ಕ್ಯುಬೇಟರಿನಲ್ಲಿ, ಎಂದರೆ ಮರಿ ಮಾಡಿಸುವ ಕಾವುಪೆಟ್ಟಿಗೆಯಲ್ಲಿ, ಇಟ್ಟೆ. ಆಷಾಢದ ಮಳೆಗೆ ಮನೆಯೊಳಗೆ ಬಟ್ಟೆಯೇ ಒಣಗದಿರುವಾಗ ಮೊಟ್ಟೆಯೊಳಗಿನ ನೀರು ಆರುವುದು ಹೇಗೆ? ಹದಿನೆಂಟನೆಯ ದಿನದ ಹೊತ್ತಿಗೆ 55 ಗ್ರಾಮಿನ ಮೊಟ್ಟೆ ಏಳು ಗ್ರಾಮಿನಷ್ಟು ಹಗುರಾಗಬೇಕು. ನನ್ನವು ನಾಲ್ಕೇ ಗ್ರಾಂ ಕಳೆದುಕೊಂಡಿದ್ದವು. ಪೆಟ್ಟಿಗೆಯ ಜತೆಗೆ ಬಂದ ಪುಸ್ತಿಕೆಯಲ್ಲಿ ನೀರಿನ ತಟ್ಟೆ ತುಂಬಿಸಿ ಎಂದಿತ್ತು, ನಾನು ತುಂಬಿಸಿದ್ದೆ. ಆರು ಮರಿಗಳು ಪೂರ್ತಿ ಬೆಳೆದು ಚಿಪ್ಪೊಡೆಯಲಾಗದೆ ಒಳಗೇ ಸತ್ತವು. ಇದು ಫಾರ್ಮಿನ ತಪ್ಪಲ್ಲ, ನನ್ನದು; ಮಳೆಗಾಲದಲ್ಲಿ ನಮ್ಮೂರಿನಲ್ಲಿ ಕೊನೆಯ ಮೂರು ದಿನ ಬರುವವರೆಗೆ ಆ ತಟ್ಟೆಗೆ ನೀರೇ ಬೇಡ ಎಂಬುದನ್ನು ಮುಂದಿನ ಸಲ ಕಲಿತೆ. 24 ಮರಿಗಳು ಹೊರಬಂದವು, 22 ಬದುಕಿದವು. 36ಕ್ಕೆ ಬಂಜೆ ಮೊಟ್ಟೆ ಆರೇ ಎಂದರೆ ಹುಂಜದ ಬಗ್ಗೆ ಆಕ್ಷೇಪಿಸುವಂಥದ್ದೇನೂ ಇಲ್ಲ.

ಮರಿಗಳು ಚಂದ ಬೆಳೆದವು. ಎಂಟು ವಾರವಾಗುವಾಗ ಹೊಸ ಗರಿಯ ಮೇಲೆ ಬಿಸಿಲು ಬಿದ್ದರೆ ಜೀರುಂಡೆಯ ಬೆನ್ನಿನಂಥ ಹಸಿರು ಹೊಳಪು. ಕಣ್ಣು ಕಡುಕಪ್ಪು, ಕಾಲು ಕಪ್ಪು. ಫೋಟೊ ತೆಗೆದು ಕಳಿಸಿದೆ, ಮಾಲೀಕರೂ ಸಂತೋಷಪಟ್ಟರು. ಅಷ್ಟರಲ್ಲಿ ಫಾರ್ಮಿನವರು ಹೇಳಿದ ಆಹಾರವನ್ನು ಬಿಟ್ಟು ನಾನು ನನ್ನದೇ ಕ್ರಮಕ್ಕೆ ಬಂದಿದ್ದೆ: ಹಳದಿ ಮೆಕ್ಕೆಜೋಳದ ನುಚ್ಚು, ಹಿಂಡಿ, ಹಿತ್ತಲಿನ ನುಗ್ಗೆಸೊಪ್ಪು, ಹರಿವೆ. ಆಯುಧಪೂಜೆ ಮುಗಿದ ಮೇಲೆ ಅಂಗಳದಲ್ಲೇ ಬೆಳೆದ ಚೆಂಡುಹೂವಿನ ಗಿಡಗಳನ್ನು ಕಿತ್ತು ಗೂಡಿನೊಳಗೆ ಹಾಕಿದೆ, ಮರಿಗಳು ಎಸಳನ್ನೆಲ್ಲ ಒಂದೇ ಸಂಜೆಗೆ ತಿಂದು ಮುಗಿಸಿದವು. (ಪೇಟೆಯಿಂದ ತಂದು ಬೈಕಿಗೆ ಹಾಕಿದ ಮಾಲೆಯನ್ನು ಕೋಳಿಗೆ ಹಾಕಬೇಡಿ, ಆ ಹೂವಿಗೆ ಏನೇನು ಔಷಧಿ ಹೊಡೆದಿರುತ್ತಾರೋ ದೇವರೇ ಬಲ್ಲ.) ಅಕ್ಟೋಬರ್ ಕೊನೆಯ ಒಂದು ರಾತ್ರಿ, ಗೂಡಿನ ಬಾಗಿಲಿಗೆ ಸಿಕ್ಕಿಕೊಂಡಿದ್ದ ಒಂದು ಲಾಕಿಯನ್ನು (ಇನ್ನೂ ಮೊಟ್ಟೆಗೆ ಬಾರದ ಎಳೆ ಹೇಂಟೆಯನ್ನು) ಬಿಡಿಸಿ ಎತ್ತಿಕೊಂಡಾಗ ಅದರ ಕಾಲು ಟ್ಯೂಬ್‌ಲೈಟಿನ ಕಡೆಗೆ ತಿರುಗಿತು. ಮಳೆ ನೀರಿನಲ್ಲಿ ಓಡಾಡಿ ಅಂಗಾಲು ತಾನಾಗಿಯೇ ತೊಳೆದುಕೊಂಡಿತ್ತು. ಅದು ಬಿಳಿಯಾಗಿರಲಿಲ್ಲ. ಮಾಗಿದ ಹಲಸಿನ ತೊಳೆಯ ಹಳದಿ. ಬೆರಳ ತುದಿಯ ಮೆತ್ತೆಯಿಂದ ಹಿಮ್ಮಡಿಯವರೆಗೆ ಒಂದೇ ಸಮ, ಕಪ್ಪು ಚಿಪ್ಪು ಮುಗಿದು ಹಳದಿ ಶುರುವಾಗುವ ಅಂಚು ಪೆನ್ನಿನಿಂದ ಗೆರೆ ಎಳೆದಂತೆ. ಆ ರಾತ್ರಿಯೇ ಇಪ್ಪತ್ತೆರಡನ್ನೂ ಒಂದೊಂದಾಗಿ ತಿರುಗಿಸಿ ನೋಡಿದೆವು. ನಾಲ್ಕರ ಅಂಗಾಲು ಹಳದಿ.

ಮರುದಿನ ಫೋನ್ ಮಾಡಿದೆ. ಅವರ ಉತ್ತರ ನಿರೀಕ್ಷಿಸಿದಂತೆಯೇ ಇತ್ತು: "ಎಂತದು ಮಾರಾಯ್ರೆ, ತಂದೆ ತಾಯಿಯ ಕಾಲು ನೀವೇ ತೊಳೆದು ನೋಡಿದ್ದೀರಲ್ಲ? ನಮ್ಮಲ್ಲಿ ಇಷ್ಟು ವರ್ಷಕ್ಕೆ ಒಂದೂ ಹಾಗೆ ಬರಲಿಲ್ಲ." ಎರಡೂ ಮಾತು ನಿಜ, ಆದರೆ ಎರಡರಿಂದಲೂ ಏನೂ ಸಾಬೀತಾಗುವುದಿಲ್ಲ. ಅದಕ್ಕೆ ಕಾರಣ ತಿಳಿಯಲು ನನಗೆ ಆ ಚಳಿಗಾಲ ಪೂರ್ತಿ ಬೇಕಾಯಿತು.

ಕೋಳಿಯ ಚರ್ಮದ ಹಳದಿ ಬರುವುದು ತಿನ್ನುವ ಜೋಳ, ಸೊಪ್ಪು, ಹೂವುಗಳಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ಬಣ್ಣದಿಂದ. ಬಿಳಿ ಚರ್ಮದ ಕೋಳಿಯಲ್ಲಿ ಒಂದು ಕಿಣ್ವ ಚರ್ಮದಲ್ಲೇ ಆ ಬಣ್ಣವನ್ನು ಒಡೆದುಹಾಕುತ್ತದೆ. ಹಳದಿ ಚರ್ಮದ ಕೋಳಿಯಲ್ಲಿ ಆ ಕಿಣ್ವದ ಜೀನ್ ಚರ್ಮದ ಮಟ್ಟಿಗೆ ಕೆಲಸ ಮಾಡದಿರುವುದರಿಂದ ಬಣ್ಣ ಉಳಿದು ಶೇಖರವಾಗುತ್ತದೆ. ಬಿಳಿ ಪ್ರಬಲ, ಹಳದಿ ದುರ್ಬಲ. ಎಂದರೆ ತಂದೆ ತಾಯಿ ಇಬ್ಬರಿಂದಲೂ ಹಳದಿಯ ಜೀನ್ ಬಂದರೆ ಮಾತ್ರ ಮರಿಯ ಅಂಗಾಲು ಹಳದಿಯಾಗುತ್ತದೆ. ಒಬ್ಬರಿಂದ ಮಾತ್ರ ಬಂದರೆ ಆ ಮರಿ ಜೀವನಪೂರ್ತಿ ಬಿಳಿ ಅಂಗಾಲನ್ನು ತೋರಿಸುತ್ತ, ಒಳಗೆ ಹಳದಿಯನ್ನು ಹೊತ್ತು, ಅರ್ಧ ಮಕ್ಕಳಿಗೆ ದಾಟಿಸುತ್ತಿರುತ್ತದೆ. ಹೊತ್ತುಕೊಂಡವೇ ಇಬ್ಬರು ಕೂಡಿದರೆ ನಾಲ್ಕು ಮರಿಗೆ ಒಂದು ಹಳದಿ. ಈ ಹಳದಿಯ ಮೂಲದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ: 2008ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಸಾಕುಕೋಳಿಗೆ ಈ ಜೀನ್ ಬಂದದ್ದು ಕೆಂಪು ಕಾಡುಕೋಳಿಯಿಂದಲ್ಲ, ನಮ್ಮ ಪಶ್ಚಿಮಘಟ್ಟದಲ್ಲೂ ಓಡಾಡುವ ಬೂದು ಕಾಡುಕೋಳಿಯಿಂದ. ಘಾಟಿ ಹತ್ತುವಾಗ ರಸ್ತೆ ದಾಟುವ ಆ ಹಕ್ಕಿಯ ಪಾಲು ಲೋಕದ ಹಳದಿ ಕಾಲಿನ ಕೋಳಿಗಳಲ್ಲೆಲ್ಲ ಇದೆ ಎಂದು ಹೇಳಿದಾಗ ಅತ್ತೆಯವರು ಮೊದಲ ಬಾರಿಗೆ ಕಾಲಿನ ಬಣ್ಣದಲ್ಲಿ ಆಸಕ್ತಿ ತೋರಿಸಿದರು.

ಯಾವ ಹೇಂಟೆಯದು ಎಂದು ತಿಳಿಯಲು ಎರಡನ್ನೂ ಬೇರೆ ಬೇರೆ ಗೂಡಿನಲ್ಲಿಟ್ಟು, ಹುಂಜವನ್ನು ದಿನ ಬಿಟ್ಟು ದಿನ ಅತ್ತಿತ್ತ ಬಿಟ್ಟು, ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ ಮತ್ತೆ ಮರಿ ಮಾಡಿಸಿದೆ. ಗುರುತಿಗೆಂದು ಕಾಲಿಗೆ ಹಸಿರು ಬಳೆ ತೊಡಿಸಿದ ಹೇಂಟೆಯ 17 ಮರಿಗಳಲ್ಲಿ ಐದರ ಅಂಗಾಲು ಹಳದಿ. ಕೆಂಪು ಬಳೆಯದರ 15ರಲ್ಲಿ ಒಂದೂ ಇಲ್ಲ. ಅಲ್ಲಿಗೆ ಹುಂಜವೂ ಹಸಿರು ಬಳೆಯದೂ ಹಳದಿಯನ್ನು ಹೊತ್ತವು ಎಂಬುದು ಖಾತ್ರಿ, ಕೆಂಪು ಬಳೆಯದು ಬಹುತೇಕ ಶುದ್ಧ. ಆದರೆ ಇದರಿಂದ ಸಂತೋಷಪಡುವಂತಿಲ್ಲ, ಏಕೆಂದರೆ ಕೆಂಪು ಬಳೆಯದರ ಮಕ್ಕಳಲ್ಲೂ ಅರ್ಧದಷ್ಟು ತಂದೆಯಿಂದ ಹಳದಿಯನ್ನು ಪಡೆದಿರುತ್ತವೆ, ಮತ್ತು ಯಾವ ಅರ್ಧ ಎಂದು ನೋಡಿ ಹೇಳಲಾಗುವುದಿಲ್ಲ. ತಿಳಿಯಬೇಕಾದರೆ ಪ್ರತಿಯೊಂದನ್ನೂ ಹಳದಿ ಅಂಗಾಲಿನ ಸಂಗಾತಿಯೊಂದಿಗೆ ಕೂಡಿಸಿ ಮರಿ ನೋಡಬೇಕು. ತಪ್ಪಿ ಹುಟ್ಟಿದ ಆ ಹಳದಿ ಅಂಗಾಲಿನ ಲಾಕಿಗಳನ್ನು ನಾನು ಕೋರಿ ರೊಟ್ಟಿಗೆ ಕಳಿಸದೆ ಉಳಿಸಿಕೊಂಡದ್ದು ಇದೇ ಪರೀಕ್ಷೆಗೆ.

ಇನ್ನು ಮಾಲೀಕರ ಎರಡನೆಯ ಮಾತು, "ಒಂದೂ ಹಾಗೆ ಬರಲಿಲ್ಲ" ಎಂಬುದು. ಇಲ್ಲಿ ಆ ಆಹಾರದ ಪೊಟ್ಟಣ ನೆನಪಾಯಿತು. ಅದರಲ್ಲಿ ಇದ್ದದ್ದು ಬೆಳ್ತಿಗೆ ಅಕ್ಕಿಯ ನುಚ್ಚು, ಗೋಧಿ, ತೌಡು, ಒಣಮೀನಿನ ಪುಡಿ. ಕರಾವಳಿಯಲ್ಲಿ ಸುಲಭವಾಗಿ ಸಿಗುವ, ಅಗ್ಗದ, ಕೋಳಿಯ ಹೊಟ್ಟೆಗೆ ಒಳ್ಳೆಯ ಆಹಾರವೇ. ಆದರೆ ಹಳದಿ ಬಣ್ಣ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಗೂಡೊಳಗೇ ಸಾಕುವುದರಿಂದ ಹುಲ್ಲೂ ಸಿಗುವುದಿಲ್ಲ. ಹಳದಿ ಚರ್ಮದ ಜೀನ್ ಎರಡೂ ಕಡೆಯಿಂದ ಬಂದ ಮರಿಯೂ ಅಲ್ಲಿ ಪೇಲವ ಅಂಗಾಲಿನಿಂದಲೇ ಬೆಳೆದು ಬಿಳಿ ಎಂದು ಪಾಸಾಗುತ್ತದೆ. ಮೇಲೆ ಮುರಕಲ್ಲಿನ ಕೆಂಪು ಬೇರೆ. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಕಾಣಿಸಲೇ ಇಲ್ಲ. ಆದರೆ ಪ್ರದರ್ಶನದ ಮಟ್ಟದ್ದು ಎಂದು ಸಾಮಾನ್ಯ ಕೋಳಿಯ ನಾಲ್ಕು ಪಟ್ಟು ಬೆಲೆ ಕೇಳುವವರಿಗೆ ಕಾಣಿಸದಿರುವುದು ಕ್ಷಮೆಯಲ್ಲ ಎಂಬುದು ನನ್ನ ಅಭಿಪ್ರಾಯ. ಇದೇ ಲೆಕ್ಕ ತಿರುಗಿಸಿ ಹೇಳುವುದಾದರೆ, ಹಳದಿ ಕಾಲು ಇರಬೇಕಾದ ತಳಿಯ ಹೇಂಟೆ ಪೇಲವ ಕಾಲಿನದಾಗಿದ್ದರೆ ಅದನ್ನು ಕೂಡಲೇ ದೋಷವೆಂದು ತಳ್ಳಬಾರದು. ತಿಂಗಳುಗಟ್ಟಲೆ ಮೊಟ್ಟೆಯಿಟ್ಟ ಹೇಂಟೆ ತನ್ನ ಕಾಲಿನ ಹಳದಿಯನ್ನೆಲ್ಲ ಮೊಟ್ಟೆಯೊಳಗಿನ ಹಳದಿ ಭಾಗಕ್ಕೆ ಸುರಿದಿರುತ್ತದೆ, ಮೊಟ್ಟೆ ನಿಲ್ಲಿಸಿದ ಮೇಲೆ ಬಣ್ಣ ಮರಳುತ್ತದೆ.

ನನ್ನ ಪುಸ್ತಕದ ಲೆಕ್ಕವನ್ನೆಲ್ಲ ತೆಗೆದುಕೊಂಡು ಹೋಗಿ ತೋರಿಸಿದಾಗ ಮಾಲೀಕರು ವಾದ ಮಾಡಲಿಲ್ಲ. ಹಣ ವಾಪಸು ಕೊಡುವುದಿಲ್ಲ, ಆದರೆ ರೋಡ್ ಐಲೆಂಡ್ ರೆಡ್ ಹುಂಜವೊಂದನ್ನು ಅರ್ಧ ಬೆಲೆಗೆ ಕೊಡುತ್ತೇನೆ ಎಂದರು. ಬೇರೆ ಕಡೆಯಿಂದ ತಂದ ಆ ತಳಿಯ ಹಳದಿ ಕಾಲಿನ ಹೇಂಟೆಗಳು ನಮ್ಮಲ್ಲಿ ಮೊದಲೇ ಇದ್ದುದರಿಂದ ಒಪ್ಪಿಕೊಂಡೆ. ಹುಂಜ ನೋಡಲು ಭರ್ಜರಿ: ಕಡುಗೆಂಪು ಮೈ, ಕಪ್ಪು ಬಾಲ, ಕಾಲು ಹಳದಿ, ಬದಿಯಲ್ಲಿ ಕೆಂಪಿನ ಛಾಯೆ. ಈ ತಳಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ್ದು, 1954ರಿಂದ ಅಲ್ಲಿನ ರಾಜ್ಯಪಕ್ಷಿ; ನಮ್ಮ ದೇಶದಲ್ಲೂ ಮೊಟ್ಟೆಗಾಗಿ ಬಹಳ ಕಾಲದಿಂದ ಸಾಕುತ್ತಿರುವುದರಿಂದ ಶುದ್ಧ ತಳಿ ಸಿಗುವುದು ಸುಲಭ ಎಂದುಕೊಂಡಿದ್ದೆ.

ಏಪ್ರಿಲಿನಲ್ಲಿ ಒಡೆದ ಮರಿಗಳಲ್ಲಿ 19 ಉಳಿದವು. ಹತ್ತು ಗಂಡು, ಒಂಬತ್ತು ಹೆಣ್ಣು. ಜುಲೈ ಬರುವ ಹೊತ್ತಿಗೆ ಗಂಡುಗಳ ಕಾಲೆಲ್ಲ ಅಚ್ಚಹಳದಿ. ಹೆಣ್ಣುಗಳಲ್ಲಿ ನಾಲ್ಕರ ಕಾಲು ಹಸಿರು, ನೀರಲ್ಲಿ ಹಾಕಿಟ್ಟ ಎಳೆ ಬಿದಿರಿನಂಥ ಮಂಕು ಹಸಿರು. ಹೆಣ್ಣುಗಳಲ್ಲಿ ಮಾತ್ರ! ಇದನ್ನು ನೋಡಿದ ಕೂಡಲೇ ದೋಷ ಎಲ್ಲಿಂದ ಬಂತು ಎಂಬುದು ಗೊತ್ತಾಗಿಬಿಡುತ್ತದೆ. ಹಸಿರು ಎಂಬುದು ಬೇರೆಯೇ ಬಣ್ಣವಲ್ಲ. ಮೇಲಿನ ಚರ್ಮ ಹಳದಿಯಾಗಿದ್ದು ಅದರಡಿಯ ಪದರದಲ್ಲಿ ಕಪ್ಪು ಇದ್ದರೆ ನಮ್ಮ ಕಣ್ಣಿಗೆ ಹಸಿರು ಕಾಣುತ್ತದೆ, ಮೇಲೆ ಬಿಳಿಯಿದ್ದು ಅಡಿಯಲ್ಲಿ ಕಪ್ಪಿದ್ದರೆ ಸ್ಲೇಟಿನ ನೀಲಿಬೂದು. ಅಡಿಯ ಕಪ್ಪನ್ನು ತಡೆಯುವ ಜೀನ್ ಲಿಂಗವನ್ನು ನಿರ್ಧರಿಸುವ ಝಡ್ ವರ್ಣತಂತುವಿನ ಮೇಲಿದೆ. ಹುಂಜಕ್ಕೆ ಝಡ್ ಎರಡು, ಹೇಂಟೆಗೆ ಒಂದೇ. ಆ ಒಂದನ್ನು ಹೇಂಟೆ ತನ್ನ ಗಂಡುಮರಿಗೆ ಮಾತ್ರ ಕೊಡುತ್ತದೆ. ಹಾಗಾಗಿ ಹೆಣ್ಣುಮರಿಯ ಈ ಗುಣ ಬರುವುದು ತಂದೆಯಿಂದ ಮಾತ್ರ, ತಾಯಿಯದು ಅದರಲ್ಲಿ ಏನೂ ಇಲ್ಲ. ಹುಂಜದ ಎರಡು ಝಡ್‌ಗಳಲ್ಲಿ ಒಂದರಲ್ಲಿ ಕಪ್ಪನ್ನು ತಡೆಯುವ ಜೀನ್ ಇದ್ದರೂ ಸಾಕು, ಅದರ ಸ್ವಂತ ಕಾಲು ಹಳದಿಯಾಗಿಯೇ ಕಾಣುತ್ತದೆ, ಇನ್ನೊಂದು ಝಡ್ ಪಡೆದ ಹೆಣ್ಣುಮಕ್ಕಳು ಹಸಿರು ಕಾಲಿನವಾಗುತ್ತವೆ. ನನ್ನ ಹೇಂಟೆಗಳ ಮೇಲೆ ಅನುಮಾನ ಪಡುವ ಅಗತ್ಯವೇ ಇರಲಿಲ್ಲ. ಅರ್ಧ ಬೆಲೆಗೆ ತಂದ ಹುಂಜದಲ್ಲೇ ಬೆರಕೆ ಇತ್ತು.

ಈ ಎರಡನೆಯ ದೋಷ ನನಗೆ ಮೊದಲನೆಯದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೊದಲನೆಯದು ಆಹಾರದಿಂದ ಮರೆಯಾಗಿತ್ತು. ಹಸಿರು ಕಾಲು ಹಾಗಲ್ಲ, ಬೆಳ್ತಿಗೆ ನುಚ್ಚು ತಿಂದರೂ ಅಡಿಯ ಕಪ್ಪು ಹೋಗುವುದಿಲ್ಲ. ಹುಂಜಕ್ಕೆ ಆ ಝಡ್ ತಾಯಿಯಿಂದ ಬಂದಿದ್ದರೆ ಆ ತಾಯಿಯ ಕಾಲೇ ಕಪ್ಪು ಕೂಡಿದ ಬಣ್ಣದ್ದಾಗಿ ಎಲ್ಲರ ಕಣ್ಣಿಗೂ ಕಾಣುವಂತಿರಬೇಕು. ತಂದೆಯಿಂದ ಬಂದಿದ್ದರೆ ಆ ತಂದೆಯ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟಾದರೂ ಹಸಿರು ಕಾಲಿನವು ಅದೇ ಗೂಡಿನಲ್ಲಿ ಓಡಾಡಿರಬೇಕು. ಕೇಳಿದೆ. ಸ್ವಲ್ಪ ಯೋಚಿಸಿ, "ಹೌದು, ಒಂದೆರಡು ಹಸಿರು ಬರ್ತಿತ್ತು, ಅದನ್ನು ನಾವು ಮೊಟ್ಟೆಗೆಂತ ಬೇರೆಯವರಿಗೆ ಕೊಡ್ತಿದ್ದೆವು," ಎಂದರು. ಹಸಿರು ಕಾಲಿನ ಮಗಳನ್ನು ಮಾರಿ, ಅದನ್ನು ಹುಟ್ಟಿಸಿದ ಹುಂಜವನ್ನು ಉಳಿಸಿಕೊಂಡರೆ ದೋಷ ಗೂಡಿನಿಂದ ಹೋಗುವುದು ಹೇಗೆ? ಹುಂಜಕ್ಕೆ ನಂಬರಿಲ್ಲ, ಯಾರ ಮಗ ಎಂಬ ಬರಹವಿಲ್ಲ. ಕ್ಯಾಲೆಂಡರಿನಲ್ಲಿ ಲಸಿಕೆಯ ದಿನ ಬರೆಯುವಷ್ಟೇ ಶ್ರದ್ಧೆಯಿಂದ ಒಂದು ನೋಟ್‌ಬುಕ್ಕಿನಲ್ಲಿ ಮಕ್ಕಳ ಕಾಲಿನ ಬಣ್ಣ ಬರೆದಿಟ್ಟಿದ್ದರೆ ಎರಡೇ ವರ್ಷಗಳಲ್ಲಿ ತಿಳಿಯುತ್ತಿತ್ತು.

ಉಳಿದ ವಿಷಯಗಳು ಚುಟುಕಾಗಿ. ಆಸ್ಟ್ರಲಾರ್ಪ್ ಹೇಂಟೆಗಳು ಶಾಂತ ಸ್ವಭಾವದವು, ಮಳೆಗಾಲದಲ್ಲೂ ವಾರಕ್ಕೆ ನಾಲ್ಕೈದು ಕಂದು ಮೊಟ್ಟೆ ಕೊಟ್ಟಿವೆ. ತೂಕ ಮಾತ್ರ ಮಾನದಂಡದ ಮೂರು ಕಿಲೋಗೆ ಸಮೀಪ ಬರದೆ ಎರಡೂಕಾಲಿನಲ್ಲಿ ನಿಂತಿದೆ. ಫಾರ್ಮಿನಿಂದ ಬಂದ ಯಾವ ಹಕ್ಕಿಯೂ ಕಾಯಿಲೆ ತರಲಿಲ್ಲ. ರಶೀದಿ ಕೇಳಿದರೆ ಕೊಡುತ್ತಾರೆ, ಫೋನ್ ಎತ್ತುತ್ತಾರೆ, ತಪ್ಪನ್ನು ತೋರಿಸಿದರೆ ಸಿಟ್ಟಾಗುವುದಿಲ್ಲ. ಜೀವಂತ ಪ್ರಾಣಿ ಮಾರುವ ವ್ಯಾಪಾರದಲ್ಲಿ ಇದು ಅಪರೂಪ. ಮನೆಗೆ ನಾಲ್ಕು ಮೊಟ್ಟೆ ಸಾಕು ಎನ್ನುವವರು ಕಣ್ಣುಮುಚ್ಚಿ ಹೋಗಬಹುದು, ಅವರಲ್ಲಿ ಸಾಮಾನ್ಯ ದರದ ಲಾಕಿಗಳೂ ಇವೆ. ತಳಿ ಮಾಡಲು ಹೋಗುವವರು ತಂದೆ ತಾಯಿಯ ಕಾಲನ್ನು ನೋಡಿ ಮರುಳಾಗದೆ, ಆ ಹುಂಜದ ಹೆಣ್ಣುಮಕ್ಕಳನ್ನು ತೋರಿಸಿ ಎಂದು ಕೇಳಬೇಕು; ಮೂರು ತಿಂಗಳು ತುಂಬಿದ, ಹಳದಿ ಜೋಳ ತಿಂದ, ಕಾಲು ತೊಳೆದ ಹತ್ತಾರು ಮರಿಗಳನ್ನು ಹಗಲು ಬೆಳಕಿನಲ್ಲಿ ತೋರಿಸಲಾಗದಿದ್ದರೆ ಹೆಚ್ಚಿನ ಬೆಲೆ ಕೊಡುವ ಅಗತ್ಯವಿಲ್ಲ.

ನಾನು ಮತ್ತೆ ಅವರಿಂದಲೇ ಕೊಳ್ಳುತ್ತಿದ್ದೇನೆ ಎಂದರೆ ವಿಚಿತ್ರವೆನಿಸಬಹುದು. ಈ ಬದಿಯಲ್ಲಿ ಆಸ್ಟ್ರಲಾರ್ಪಿನ ಮೈಕಟ್ಟು ಅಷ್ಟು ಚೆನ್ನಾಗಿರುವ ಗುಂಪು ನನಗೆ ಬೇರೆಲ್ಲೂ ಕಂಡಿಲ್ಲ, ನನ್ನ ಕೆಂಪು ಬಳೆಯ ಹೇಂಟೆಗೆ ಹೊಸ ಹುಂಜ ಬೇಕು. ಈ ಸಲದ ಒಪ್ಪಂದ ಬೇರೆ: ಒಂದು ದಿನದ ಹನ್ನೆರಡು ಮರಿಗಳನ್ನು ಮುಂಗಡವಿಲ್ಲದೆ ತಂದು, ನಮ್ಮ ಗೂಡಿನಲ್ಲಿ ನಮ್ಮ ಜೋಳ ಹಾಕಿ ಸಾಕಿ, ಹನ್ನೆರಡನೆಯ ವಾರ ಅವರೇ ಬಂದು ನನ್ನೊಂದಿಗೆ ಅಂಗಾಲು ನೋಡುವುದು, ಬಿಳಿ ಅಂಗಾಲಿನವಕ್ಕೆ ಅವರು ಹೇಳಿದ ಬೆಲೆ, ಹಳದಿ ಬಂದವಕ್ಕೆ ಮಾಂಸದ ಬೆಲೆ. ಟೂತ್‌ಬ್ರಷ್ ನಾನು ಕೊಡುವುದು ಎಂದು ಮಾತಾಗಿದೆ.